ರವಿಕೆ ಕಣದ ಗಂಟು ಹಿಡಿದು ಓಡಿಹೋದದ್ದು

ಒಂಬತ್ತು ತುಂಬಿ ಹತ್ತಕ್ಕೆ ಬೀಳುವಷ್ಟರಲ್ಲಿ ನಾನು ಮೂರು ಸಲ ಮನೆ ಬಿಟ್ಟು ಓಡಿಹೋಗಿದ್ದೆ. ಮೂರು ಸಲವೂ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಇವತ್ತಿಗೂ ನನಗೆ ಸಿಟ್ಟಿರುವುದು ಆ ವಿಚಾರಕ್ಕೇ. ಮಕ್ಕಳು ಓಡಿಹೋದರೆ ಊರಿನವರು ಬಾವಿ ಬಾವಿ ಇಣುಕಬೇಕು, ತಾಯಿ ಎದೆ ಬಡಿದುಕೊಳ್ಳಬೇಕು, ಅಪ್ಪನಾದವನು ಸೈಕಲ್ ಹತ್ತಿ ದಿಕ್ಕುದಿಕ್ಕಿಗೆ ಓಡಾಡಬೇಕು. ನನ್ನ ಪಾಲಿಗೆ ಅಂಥ ಯೋಗ ಬರಲೇ ಇಲ್ಲ.

ಅದಕ್ಕೆ ಕಾರಣ ರೇಷ್ಮೆ ಹುಳ. ಬೈರಮಂಗಲದ ಕೆರೆಯಿಂದ ಸ್ವಲ್ಪ ಆಚೆಗೆ ನಮ್ಮೂರು. ಒಂದಷ್ಟು ರಾಗಿ ಹೊಲ, ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಹುಳ ಸಾಕುವ ಉದ್ದನೆಯ ಕೋಣೆ. ರೇಷ್ಮೆ ಹುಳ ನಾಲ್ಕು ಸಲ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಮಲಗಿ, ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ನಮಗೆ ಜ್ವರ ಬಂದರೆ ಒಂದು ಮಾತ್ರೆ ನುಂಗಿಸಿ ಮಲಗು ಅಂದುಬಿಡುತ್ತಿದ್ದರು. ಹುಳಕ್ಕೆ ಜ್ವರ ಬಂದರೆ ಮನೆಮಂದಿಯೆಲ್ಲ ಪಿಸುಮಾತಿನಲ್ಲಿ ಓಡಾಡುತ್ತಿದ್ದರು. ನಾಲ್ಕನೇ ಜ್ವರ ಎದ್ದ ಮೇಲಂತೂ ಹೊತ್ತಿಲ್ಲ ಗೊತ್ತಿಲ್ಲ, ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ವಾರ ಅವ್ವನಿಗೆ ತಾನು ಹೆತ್ತವರು ಎಷ್ಟು ಜನ ಅನ್ನುವುದು ನೆನಪಿರುತ್ತಿತ್ತೋ ಇಲ್ಲವೋ, ನನಗೆ ಅನುಮಾನವಿದೆ.

ಮೂರು ಸಲವೂ ನಾನು ಓಡಿದ್ದು ಒಂದೇ ಕಾರಣಕ್ಕೆ. ಚನ್ನಪಟ್ಟಣದಲ್ಲಿ ನಮ್ಮ ದೊಡ್ಡಮ್ಮ ಇದ್ದಳು, ಅವ್ವನ ಸ್ವಂತ ಅಕ್ಕ. ಅವಳಿಗೆ ಮಕ್ಕಳಿರಲಿಲ್ಲ. ನಾವು ಮೂವರು: ಅಕ್ಕ, ನಾನು, ತೊಟ್ಟಿಲಲ್ಲಿದ್ದ ತಮ್ಮ. ಅಕ್ಕ ಮನೆಗೆಲಸಕ್ಕೆ ಬೇಕು, ತಮ್ಮ ಗಂಡು. ಮಿಕ್ಕವಳು ನಾನೇ. ಒಂದು ದಿನ ಅವ್ವ ಸೊಪ್ಪು ಕತ್ತರಿಸುತ್ತಾ ಅಪ್ಪನಿಗೆ ಹೇಳುತ್ತಿದ್ದಳು, "ನಡೂಕ್ಲೋಳ್ನ ಅಕ್ಕನ ಮಡ್ಲಿಗೆ ಹಾಕ್ಬುಡಾನ. ಅಲ್ಲೇ ಇಂಗ್ಲಿಷ್ ಸ್ಕೂಲಿಗೆ ಹೋಗ್ಲಿ. ಅವ್ಳಿಗೂ ಮಗು ಆಯ್ತದೆ, ಇವ್ಳಿಗೂ ಒಂದು ದಾರಿ ಆಯ್ತದೆ." ಅಪ್ಪ ಬೇಡ ಅನ್ನಲಿಲ್ಲ. ಬೇಡ ಅಂದಾನು ಎಂದು ನಾನು ಬಾಗಿಲ ಹಿಂದೆ ಎಷ್ಟೋ ಹೊತ್ತು ನಿಂತಿದ್ದೆ. ಅವನು ಎದ್ದು ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಲು ಹೋದ.

ದೊಡ್ಡಮ್ಮ ಕೆಟ್ಟವಳೇನಲ್ಲ. ಹಬ್ಬಕ್ಕೆ ಬಂದರೆ ನಮಗೆಲ್ಲ ಬಣ್ಣದ ಬುಗುರಿ ತರುತ್ತಿದ್ದಳು, ತಲೆ ಬಾಚುವಾಗ ಅವ್ವನ ಹಾಗೆ ಜಗ್ಗುತ್ತಿರಲಿಲ್ಲ. ಆದರೆ ಅವಳ ಮನೆಯಲ್ಲಿ ಸದ್ದೇ ಇರಲಿಲ್ಲ. ದೊಡ್ಡಪ್ಪ ಉಣ್ಣುವಾಗ ಯಾರೂ ಮಾತಾಡಬಾರದು, ಉಂಡಾದ ಮೇಲೆ ಅವನು ಮಲಗುತ್ತಿದ್ದ, ಆಗಲೂ ಮಾತಾಡಬಾರದು. ಬೇಸಿಗೆ ರಜೆಯಲ್ಲಿ ಅಲ್ಲಿ ಒಂದು ವಾರ ಇದ್ದು ಬಂದವಳು ನಾನು, ನನಗೆ ಆ ಮನೆಯ ಹದ ಗೊತ್ತಿತ್ತು. ನಮ್ಮ ಮನೆಯ ಕಿತ್ತಾಟ, ಬೈಗುಳ, ಹುಳದ ವಾಸನೆ, ಅಕ್ಕನ ಒದೆತ, ಇವೆಲ್ಲ ಬಿಟ್ಟು ನಾನು ಬದುಕುವುದಾದರೂ ಹೇಗೆ ಎಂದು ನಿಜವಾಗಿಯೂ ಹೆದರಿದ್ದೆ.

ಮೊದಲನೆಯ ಸಲ ಓಡಿದ್ದು ಕೆರೆ ಏರಿಯ ಮೇಲೆ. ಏರಿ ದಾಟಿ ಹೋಗಿಬಿಟ್ಟರೆ ಯಾರ ಕೈಗೂ ಸಿಗುವುದಿಲ್ಲ ಎಂದು ಲೆಕ್ಕ. ಆ ಕೆರೆಗೆ ಬೆಂಗಳೂರಿನ ಕೊಳಚೆಯೆಲ್ಲ ಬಂದು ಬೀಳುತ್ತದೆ, ಗಾಳಿ ಬೀಸಿದರೆ ನೊರೆ ಎದ್ದು ಹಾರಾಡುತ್ತದೆ. ಏರಿಯ ಅರ್ಧಕ್ಕೆ ಬರುವಷ್ಟರಲ್ಲಿ ಹೊಟ್ಟೆ ತೊಳಸಿ, ಬೆಳಿಗ್ಗೆ ತಿಂದ ರೊಟ್ಟಿ ಅಲ್ಲೇ ಕಕ್ಕಿ, ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂತಿರುಗಿದೆ. ಎರಡನೆಯ ಸಲ ಹಿತ್ತಿಲ ರಾಗಿ ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟುಕೊಂಡೆ. ಅದನ್ನು ಓಡಿಹೋಗುವುದು ಅನ್ನಬಹುದೋ ಇಲ್ಲವೋ, ಮನಸ್ಸಿನಲ್ಲಿ ಮಾತ್ರ ನಾನು ಮೈಸೂರು ದಾಟಿದ್ದೆ. ಸಂಜೆಗೆ ಅವ್ವ "ಬಾ ಬಾ ಬಾ" ಎಂದು ಕೂಗುತ್ತಾ ಬಂದಾಗ ಎದೆ ತುಂಬಿ ಬಂತು. ನನ್ನ ಹುಡುಕಲು ಬಂದಳಲ್ಲ ಎಂದು ಕಣ್ಣೊರೆಸಿಕೊಂಡು ಈಚೆ ಬಂದರೆ ಅವಳು ಕೋಳಿಗಳನ್ನು ಕರೆಯುತ್ತಿದ್ದಳು. "ಅಲ್ಲೇನ್ ಮಾಡ್ತಿದ್ದೀಯ ಮುಂಡೇದೆ, ಆ ಕೆಂಪು ಹುಂಜ ಒಳಗೆ ಓಡ್ಸು" ಅಂದಳು.

ಮೂರನೆಯ ಸಲ ಬುದ್ಧಿ ಬಂದಿತ್ತು. ಬರೀ ಓಡಿದರೆ ಆಗುವುದಿಲ್ಲ, ಅಪ್ಪನ ಬಾಯಿ ಮುಚ್ಚಿಸುವವರ ಹತ್ತಿರ ಓಡಬೇಕು. ಅಂಥವಳು ಲೋಕದಲ್ಲಿ ಒಬ್ಬಳೇ ಇದ್ದಳು: ಅಪ್ಪನ ಅಕ್ಕ, ನಮ್ಮ ಅತ್ತೆ. ಅವಳ ಊರು ಕಬ್ಬಾಳು. ಚಿಕ್ಕಂದಿನಲ್ಲಿ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳಂತೆ, ಈಗಲೂ ಅವನಿಗೆ "ಲೇ" ಅನ್ನುವ ಧೈರ್ಯವಿದ್ದವಳು. ದೊಡ್ಡಮ್ಮ ಮಂಗಳವಾರ ನನ್ನನ್ನು ಕರೆದುಕೊಂಡು ಹೋಗಲು ಬರುತ್ತಾಳೆ ಎಂದು ಶನಿವಾರ ಗೊತ್ತಾಯಿತು. ಭಾನುವಾರ ಬೆಳಿಗ್ಗೆ ನಾನು ಹೊರಟೆ.

ದಾರಿಗೆ ತಿನ್ನಲು ಏನಾದರೂ ಬೇಕಲ್ಲ. ಅಡುಗೆಮನೆಯಲ್ಲಿ ಅವ್ವ ಇದ್ದಳು, ದೇವರ ಗೂಡಿನ ಹತ್ತಿರ ಯಾರೂ ಇರಲಿಲ್ಲ. ಅಲ್ಲಿದ್ದ ಒಂದು ತೆಂಗಿನಕಾಯಿ, ಬಾಳೆಹಣ್ಣು, ಬೆಲ್ಲದ ಅಚ್ಚು ಬಾಚಿಕೊಂಡೆ. ಬಾಚುವ ಭರದಲ್ಲಿ ವೀಳ್ಯದೆಲೆ, ಅಡಿಕೆ, ಕುಂಕುಮದ ಪೊಟ್ಟಣವೂ ಜೊತೆಗೆ ಬಂದವು. ಚೀಲ ಹುಡುಕಲು ಹೊತ್ತಿರಲಿಲ್ಲ. ಪಕ್ಕದಲ್ಲೇ ಅವ್ವ ಯಾರೋ ಕೊಟ್ಟಿದ್ದ ಹಸಿರು ರವಿಕೆ ಕಣ ಮಡಚಿ ಇಟ್ಟಿದ್ದಳು. ಅದರಲ್ಲೇ ಎಲ್ಲ ಗಂಟು ಕಟ್ಟಿ ಬಗಲಲ್ಲಿ ಇರುಕಿಕೊಂಡೆ.

ಬಿಡದಿ ತನಕ ನಡೆದು, ಅಲ್ಲಿ ಬಸ್ಸು ಹತ್ತಿ, ಮಕ್ಕಳ ಹಿಂಡು ಕಟ್ಟಿಕೊಂಡು ಕೂತಿದ್ದ ಒಬ್ಬ ಹೆಂಗಸಿನ ಪಕ್ಕ ನುಸುಳಿದೆ. ಕಂಡಕ್ಟರ್ ನನ್ನನ್ನೂ ಅವಳ ಲೆಕ್ಕಕ್ಕೇ ಸೇರಿಸಿ, "ಏನಮ್ಮ, ಇಡೀ ಸ್ಕೂಲ್ ಕರ್ಕೊಂಡ್ ಬಂದಿದ್ದೀಯಾ" ಎಂದು ಗೊಣಗಿ ಮುಂದೆ ಹೋದ. ಆ ತಾಯಿಗೂ ತನ್ನ ಮಕ್ಕಳ ಎಣಿಕೆ ಸರಿಯಾಗಿ ಗೊತ್ತಿರಲಿಲ್ಲ ಅಂತ ಕಾಣುತ್ತದೆ, ಸುಮ್ಮನೆ ಕೂತಿದ್ದಳು. ಕಬ್ಬಾಳಿಗೆ ಹೋಗಬೇಕಾದರೆ ಚನ್ನಪಟ್ಟಣದಲ್ಲಿ ಬಸ್ಸು ಬದಲಿಸಬೇಕು. ಯಾವ ಊರಿಗೆ ಹೋಗುವುದಿಲ್ಲ ಎಂದು ಮನೆ ಬಿಟ್ಟಿದ್ದೆನೋ ಅದೇ ಊರಿನ ಬಸ್ ಸ್ಟ್ಯಾಂಡಿನಲ್ಲಿ, ದೊಡ್ಡಮ್ಮ ಎಲ್ಲಿ ತರಕಾರಿಗೆ ಬಂದುಬಿಡುತ್ತಾಳೋ ಎಂದು ಗಂಟನ್ನು ಮುಖಕ್ಕೆ ಅಡ್ಡ ಹಿಡಿದು ಕಂಬದ ಹಿಂದೆ ನಿಂತೆ. ಆಮೇಲೆ ಸಿಕ್ಕ ಕಬ್ಬಾಳಿನ ಬಸ್ಸಿನಲ್ಲಿ ದೇವಸ್ಥಾನಕ್ಕೆ ಹೋಗುವ ಜನ ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದರು, ನನ್ನನ್ನು ಕೇಳುವವರೇ ಇರಲಿಲ್ಲ, ಗಂಟು ಬಿಚ್ಚಿ ತಿನ್ನಲೂ ಆಗಲಿಲ್ಲ.

ಅತ್ತೆ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಟ್ಟಳು. ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ಬೀದಿ ನೋಡಿದಳು. ಆಮೇಲೆ ಅವಳ ಕಣ್ಣು ಗಂಟಿನ ಮೇಲೆ ಬಿತ್ತು. ಬಿಚ್ಚಿ ನೋಡಿದಳು: ಹಸಿರು ರವಿಕೆ ಕಣ, ತೆಂಗಿನಕಾಯಿ, ಬಾಳೆಹಣ್ಣು, ಬೆಲ್ಲ, ಎಲೆ ಅಡಿಕೆ, ಕುಂಕುಮ. ನಮ್ಮಲ್ಲಿ ಹೆಣ್ಣುಮಕ್ಕಳನ್ನು ತೌರಿನ ದೇವರ ಕಾರ್ಯಕ್ಕೆ ಕರೆಯುವುದೇ ಹೀಗೆ. ಒಂದು ಪದಾರ್ಥವೂ ಕಮ್ಮಿ ಇರಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು ಬಂತು.

"ನೋಡಿ ಇಲ್ಲಿ," ಎಂದು ಮಾವನನ್ನು ಕೂಗಿದಳು. "ನನ್ ತಮ್ಮ ಮಗಳ ಕೈಲಿ ಕರೆಯೋಕ್ ಕಳಿಸವ್ನೆ! ಮಾರಮ್ಮನ ಪರ ಮಾಡ್ತೀನಿ ಮಾಡ್ತೀನಿ ಅಂತ ಎಷ್ಟ್ ದಿನದಿಂದ ಹೇಳ್ತಿದ್ದ, ಕೊನೆಗೂ ಮನಸ್ ಮಾಡವ್ನೆ."

ಪರ ಅಂದರೆ ಹರಕೆಯ ಊಟ. ದೇವರಿಗೆ ಮರಿ ಕಡಿದು ನೆಂಟರಿಷ್ಟರನ್ನೆಲ್ಲ ಕರೆದು ಉಣಬಡಿಸಬೇಕು. ನಾನು "ಅದಲ್ಲ ಅತ್ತೆ" ಎಂದು ಬಾಯಿ ತೆರೆದೆ. ಅತ್ತೆ ಅದಕ್ಕೆ ಮುದ್ದೆ ಮುರಿದು ಇಟ್ಟಳು. ನುಂಗಿ ಮತ್ತೆ ತೆರೆದೆ, ಮೊಟ್ಟೆ ಬಂತು. ನನಗೂ ಬೆಳಗಿನಿಂದ ಹೊಟ್ಟೆ ಖಾಲಿ, ಬಾಯಿ ತುಂಬ ಇದ್ದಾಗ ನಿಜ ಹೇಳುವುದು ಯಾರಿಂದಲೂ ಆಗದ ಕೆಲಸ. ಅಷ್ಟರಲ್ಲಿ ಮಾವ ಹಬ್ಬ ಹುಣ್ಣಿಮೆ ಲೆಕ್ಕ ಹಾಕಿ, "ಅಮ್ಮನ ವಾರ ಮಂಗಳವಾರ, ನಾಡಿದ್ದೇ ಇರ್ಬೇಕು" ಎಂದು ತೀರ್ಮಾನಿಸಿಬಿಟ್ಟಿದ್ದ. ಅತ್ತೆ ಆಗಲೇ ಕುಂಕುಮದ ಪೊಟ್ಟಣ ಹಿಡಿದು, ತಮ್ಮನ ಮನೆ ಪರ ಎಂದು ಅಕ್ಕಪಕ್ಕದ ಮನೆಗಳಿಗೆ ಸಾರಲು ಹೊರಟಿದ್ದಳು. ಮಧ್ಯಾಹ್ನವೇ ಬಿಡದಿ ಕಡೆ ಹೊರಟಿದ್ದ ಊರಿನವರ ಗಾಡಿಯಲ್ಲಿ ನನ್ನನ್ನು ಕೂರಿಸಿ, "ಎಲ್ರೂ ಬತ್ತೀವಿ ಅಂತ ನಿಮ್ಮಪ್ಪಂಗೆ ಹೇಳು" ಎಂದು ಕಳಿಸಿದಳು. ಆಗಿನ್ನೂ ಫೋನು ಎಲ್ಲರ ಜೇಬಿಗೆ ಬಂದಿರಲಿಲ್ಲ, ಕೇಳಿ ತಿಳಿದುಕೊಳ್ಳುವ ದಾರಿಯೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಅವ್ವ ತಲೆ ಎತ್ತದೆ, "ಎಲ್ಲಿ ಹಾಳಾಗೋಗಿದ್ದೆ, ಸೊಪ್ಪು ಎತ್ಕೊಡೋರಿಲ್ಲ" ಅಂದಳು. ಇಷ್ಟೇ. ಎರಡು ತಾಲ್ಲೂಕು ಸುತ್ತಿ ಬಂದ ಮಗಳಿಗೆ ಸಿಕ್ಕ ಮರ್ಯಾದೆ ಇದು. ಅತ್ತೆಯ ಸುದ್ದಿಯನ್ನು ನಾನು ಹೇಳಲಿಲ್ಲ. ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಬರದೆಯೂ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಂಗಳವಾರ ಬೆಳಿಗ್ಗೆ ನಮ್ಮ ಹುಳವೆಲ್ಲ ಒಟ್ಟಿಗೆ ಹಣ್ಣಾಯಿತು. ಹಣ್ಣಾಗುವುದೆಂದರೆ ಹುಳ ತಿನ್ನುವುದು ಸಾಕುಮಾಡಿ, ಮೈ ಹಳದಿಗೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕಿಕೊಂಡು ತಲೆ ಆಡಿಸುತ್ತಾ ಹೊರಡುವುದು. ಆಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಕಸದಲ್ಲೇ ಗೂಡು ಕಟ್ಟಿ ಬೆಳೆ ಮಣ್ಣುಪಾಲು. ಅವತ್ತೇ ಊರಲ್ಲಿ ಇನ್ನೂ ಎರಡು ಮನೆಯ ಹುಳ ಹಣ್ಣಾಗಿ, ಬರುತ್ತೇವೆಂದಿದ್ದ ಕೂಲಿಯವರು ಅಲ್ಲಿಗೆ ಹೋಗಿಬಿಟ್ಟಿದ್ದರು. ಅಪ್ಪ ಗರ ಬಡಿದವನ ಹಾಗೆ ನಿಂತಿದ್ದ. ನನಗೆಂದು ಹೊಸ ಯೂನಿಫಾರ್ಮ್ ಚೀಲದಲ್ಲಿ ಹಿಡಿದುಕೊಂಡು ಬಂದ ದೊಡ್ಡಮ್ಮನನ್ನು ಕೂರು ಎನ್ನುವವರೂ ಇರಲಿಲ್ಲ. ಅವಳು ಚೀಲವನ್ನು ಮೊಳೆಗೆ ತಗುಲಿಸಿ, ಸೆರಗು ಸಿಕ್ಕಿಸಿ, ಹುಳ ಆರಿಸಲು ಕೂತಳು. ನಾನು ಆ ಚೀಲಕ್ಕೆ ಬೆನ್ನು ಹಾಕಿ ಕೂತೆ. ಸಂಜೆ ಅದರ ಜೊತೆ ನಾನೂ ಹೋಗಬೇಕಿತ್ತು.

ಅಷ್ಟರಲ್ಲಿ ಬಂತು ಟೆಂಪೊ. ಮುಂದೆ ಮಾವ, ಹಿಂದೆ ಜರಿ ಸೀರೆ ಉಟ್ಟ ಅತ್ತೆ, ಅವಳ ಹಿಂದೆ ಓರಗಿತ್ತಿಯರು, ಭಾವಂದಿರು, ಅವರ ಮಕ್ಕಳು, ಪಕ್ಕದ ಮನೆಯವರು, ಇಳಿದಷ್ಟೂ ಇದ್ದರು. ಮನೆಗೆ ಸಾರು ತುಂಬಿಕೊಂಡು ಹೋಗಲು ಒಬ್ಬಾಕೆ ಸ್ಟೀಲ್ ಕ್ಯಾನ್ ಕೂಡ ತಂದಿದ್ದಳು. ಅತ್ತೆ ಅಂಗಳ ನೋಡಿದಳು. ಚಪ್ಪರವಿಲ್ಲ, ಒಲೆಯಿಲ್ಲ, ಹೊಗೆಯಿಲ್ಲ.

"ಏನ್ಲಾ, ಮರಿ ಎಲ್ಲಿ?"

"ಯಾವ ಮರಿ?" ಅಂದ ಅಪ್ಪ.

"ಪರಕ್ಕೆ ಕಡಿಯೋ ಮರಿ ಕಣ್ಲಾ."

"ಯಾವ ಪರ?"

"ಮಗಳ ಕೈಲಿ ರವಿಕೆ ಕಣ ಕಳಿಸಿ ಕರೆಸ್ಬುಟ್ಟು, ಯಾವ ಪರ ಅಂತೀಯಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಅಷ್ಟೊಂದು ಕಣ್ಣು ನನ್ನನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಕೇಳಿಕೊಂಡಿದ್ದ ಸುಖ ಕೊನೆಗೂ ಸಿಕ್ಕಿತ್ತು, ಬೇಡವಾದ ಹೊತ್ತಿನಲ್ಲಿ. ಅವ್ವ ಪೊರಕೆ ಹುಡುಕಿದಳು. ಆದರೆ ಅತ್ತೆ ಬಾಗಿಲಿಂದ ಒಳಗೆ ಇಣುಕಿ ಸಾಕುವ ಬಿದಿರು ತಟ್ಟೆಗಳ ಅಂಚಿಗೆ ಹರಿದು ಬರುತ್ತಿದ್ದ ಹುಳ ಕಂಡಿದ್ದಳು. ಅವಳೂ ಹುಳ ಸಾಕಿದವಳೇ.

"ಮಾತು ಆಮೇಲೆ," ಅಂದಳು. "ಎಲ್ರೂ ಕಾಲ್ ತೊಳ್ಕಂಡ್ ಒಳಿಕ್ ಬನ್ನಿ."

ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಸೋಂಕು ತಗಲುತ್ತದೆ. ಅವತ್ತು ಯಾವ ಮಡಿಯೂ ನಡೆಯಲಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ಬೋಗುಣಿ ಇಟ್ಟು, ಒಬ್ಬೊಬ್ಬರೂ ಕಾಲು ಅದ್ದಿ ಒಳಗೆ ಹೋದರು. ಬಾಡೂಟ ಉಣ್ಣಲು ಉಟ್ಟು ಬಂದ ಜರಿ ಸೀರೆಗಳೆಲ್ಲ ಮೊಣಕಾಲಿಗೆ ಏರಿದವು. ಹೊಟ್ಟೆ ಹಸಿದ ನೆಂಟರು ಹುಳ ಆರಿಸುತ್ತಾ ಅಪ್ಪನ ಮೂರು ತಲೆಮಾರನ್ನು ಬಾಯಿತುಂಬ ಬೈದರು. ಬೈಯುತ್ತಾ ಆರಿಸಿದರು, ಆರಿಸುತ್ತಾ ನಕ್ಕರು. ಬಿಸಿಲು ಇಳಿಯುವಷ್ಟರಲ್ಲಿ ಹುಳವೆಲ್ಲ ಚಂದ್ರಿಕೆ ಏರಿತ್ತು. ಅಪ್ಪ ಜಗಲಿಯ ಮೇಲೆ ಕೂತು ದೊಡ್ಡ ಉಸಿರು ಬಿಟ್ಟ. ಅವ್ವ, ಅಕ್ಕ ಸೇರಿ ಮುದ್ದೆ, ಹುರುಳಿ ಸಾರು ಮಾಡಿದರು. ಸ್ಟೀಲ್ ಕ್ಯಾನಿನಾಕೆ ಹುರುಳಿ ಸಾರನ್ನೇ ತುಂಬಿಕೊಂಡಳು.

ಊಟ ಮುಗಿದ ಮೇಲೆ ನನ್ನ ವಿಚಾರಣೆ. ಅಂಗಳದ ನಡುವೆ ನಿಲ್ಲಿಸಿ ಅಪ್ಪ ಕೇಳಿದ, "ಅಷ್ಟು ದೂರ ಒಬ್ಳೇ ಯಾಕವ್ವ ಹೋದೆ?" ಬೈದು ಕೇಳಿದ್ದರೆ ನಾನೂ ಮೊಂಡು ಹಿಡಿಯುತ್ತಿದ್ದೆ. ಅವನು ಮೆತ್ತಗೆ ಕೇಳಿದ. ನನಗೆ ಅಳು ಒತ್ತರಿಸಿಕೊಂಡು ಬಂತು.

"ನಾನು ಚನ್ನಪಟ್ಟಣಕ್ಕೆ ಹೋಗಕ್ಕಿಲ್ಲ. ಅತ್ತೆ ಹೇಳಿದ್ರೆ ನೀನು ಕೇಳ್ತೀಯ ಅಂತ ಹೋದೆ."

ದೊಡ್ಡಮ್ಮ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದಳು, ನಾನು ಅದನ್ನು ಮರೆತೇಬಿಟ್ಟಿದ್ದೆ. ಅವ್ವ ತಲೆ ತಗ್ಗಿಸಿದಳು. ಅತ್ತೆ ಏನೋ ಹೇಳಲು ಹೊರಟಳು, ಅದಕ್ಕೆ ಮೊದಲೇ ದೊಡ್ಡಮ್ಮ ಎದ್ದು ಮೊಳೆಯ ಮೇಲಿದ್ದ ಚೀಲ ತೆಗೆದುಕೊಂಡಳು.

"ಇಲ್ಲೇ ಇರೋಕೆ ಅಂತ ಆ ಮಗು ಅಷ್ಟು ದೂರ ಹೋಗ್ ಬಂದೈತೆ," ಅಂದಳು. "ಇರ್ಲಿ ಬುಡ್ರಪ್ಪ."

ಅಷ್ಟೇ. ಅತ್ತೆಯವರ ಟೆಂಪೊ ಹೋಗುವ ದಾರಿ ಚನ್ನಪಟ್ಟಣದ ಮೇಲೆಯೇ. ದೊಡ್ಡಮ್ಮ ಅದರಲ್ಲೇ ಹತ್ತಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ಅವತ್ತು ನಾನು ಅಕ್ಕನ ಪಕ್ಕದಲ್ಲಿ ಮಲಗಿ, ಅವಳು ಒದ್ದರೂ ಅಳದೆ, ಒದೆಸಿಕೊಂಡೇ ನಿದ್ದೆಹೋದೆ. ಅಷ್ಟು ಹಗುರವಾಗಿ ಆಮೇಲೆ ಎಂದಾದರೂ ಮಲಗಿದ್ದೇನೋ ಗೊತ್ತಿಲ್ಲ. ಆ ಸಲದ ಗೂಡು ರಾಮನಗರದ ಮಾರ್ಕೆಟ್ಟಿನಲ್ಲಿ ಚೆನ್ನಾಗಿಯೇ ಹೋಯಿತು. ಮಾರಮ್ಮನೇ ಮಗುವಿನ ಕೈಲಿ ಕರೆಸಿಕೊಂಡಳು ಎಂದು ಅವ್ವ ಪಟ್ಟು ಹಿಡಿದು, ಮುಂದಿನ ತಿಂಗಳು ನಿಜವಾದ ಪರ ಮಾಡಿಸಿದಳು. ಅದಕ್ಕೆ ಕರೆಯಲು ಅಪ್ಪನೇ ಹೋದ. ಅತ್ತೆ ಅವನನ್ನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡಳಂತೆ.

ದೊಡ್ಡಮ್ಮ ಆ ಪರಕ್ಕೂ ಬಂದಳು, ಆಮೇಲಿನ ಎಲ್ಲ ಹಬ್ಬಕ್ಕೂ ಬಂದಳು. ಆದರೆ ನಾನು ಅವಳ ಎದುರಿಗೆ ಹೋದಾಗಲೆಲ್ಲ ಒಂದು ಥರ ಮುದುಡುತ್ತಿದ್ದೆ. ಮಗು ಬೇಕೆಂದು ಆಸೆಪಟ್ಟು ಬಂದವಳನ್ನು ಅಷ್ಟು ಜನರೆದುರು ಬೇಡ ಅಂದುಬಿಟ್ಟೆನಲ್ಲ ಎಂದು. ದೊಡ್ಡವಳಾಗುತ್ತಾ ಅದು ಹೆಚ್ಚಾಯಿತೇ ಹೊರತು ಕಮ್ಮಿಯಾಗಲಿಲ್ಲ. ನಾನೀಗ ರಾಮನಗರದಲ್ಲಿ ಸಂಸಾರ ಹೂಡಿದ್ದೇನೆ. ಚನ್ನಪಟ್ಟಣ ಎಷ್ಟು ದೂರ? ಆದರೂ ಒಬ್ಬಳೇ ಹೋಗಿ ಅವಳ ಮುಂದೆ ಕೂರಲು ಇಷ್ಟು ವರ್ಷ ಧೈರ್ಯ ಬಂದಿರಲಿಲ್ಲ, ಯಾರನ್ನಾದರೂ ಜೊತೆಗೆ ಕರೆದುಕೊಂಡೇ ಹೋಗುತ್ತಿದ್ದೆ.

ಹೋದ ತಿಂಗಳು ಹೋದೆ, ಒಬ್ಬಳೇ. ದೊಡ್ಡಪ್ಪ ತೀರಿಕೊಂಡು ಬಹಳ ಕಾಲವಾಯಿತು. ಮನೆಯಲ್ಲಿ ಈಗ ಸದ್ದೋ ಸದ್ದು. ದೊಡ್ಡಮ್ಮ ಬೀದಿಯ ಹುಡುಗಿಯರಿಗೆಲ್ಲ ಹೊಲಿಗೆ ಹೇಳಿಕೊಡುತ್ತಾಳೆ, ನಡುಮನೆಯಲ್ಲಿ ಮೂರು ಮಿಷಿನ್ನು, ಮೇಲೊಂದು ರೇಡಿಯೊ. ಹುಡುಗಿಯರನ್ನು ಊಟಕ್ಕೆ ಕಳಿಸಿ ನನಗೆ ಕಾಫಿ ಕೊಟ್ಟಳು. ಕೇಳೇಬಿಟ್ಟೆ: "ಅವತ್ತು ನಿಂಗೆ ತುಂಬಾ ಬೇಜಾರಾಯ್ತಾ ದೊಡ್ಡಮ್ಮ?"

ಅವಳಿಗೆ ಮೊದಲು ಯಾವತ್ತು ಎಂದೇ ಹೊಳೆಯಲಿಲ್ಲ. ಹೊಳೆದ ಮೇಲೆ ನಗಲು ಶುರು ಮಾಡಿದವಳು ಕೆಮ್ಮು ಹತ್ತುವ ತನಕ ನಕ್ಕಳು.

"ಬೇಜಾರಾ? ಹೋದ ಜೀವ ಬಂದಂಗಾಯ್ತು ಕಣವ್ವ. ನಿಮ್ಮವ್ವ, ನಿಮ್ ದೊಡ್ಡಪ್ಪ, ಎಲ್ರೂ ಸೇರ್ಕೊಂಡು ಇವ್ಳಿಗೊಂದು ಮಗು ಬೇಕು ಅಂತ ಅವ್ರೇ ತೀರ್ಮಾನ ಮಾಡವ್ರೆ. ನನ್ನ ಯಾರ್ ಕೇಳಿದ್ರು? ಅವ್ವ ಅವ್ವ ಅಂತ ಅಳೋ ಮಗೂನ ಇಟ್ಕೊಂಡು ನಾನೇನ್ ಮಾಡ್ಲಿ ಅಂತ ಒಂದ್ ವಾರ ನಿದ್ದೆ ಮಾಡ್ಲಿಲ್ಲ. ಬೇಡ ಅನ್ನೋಕ್ ಬಾಯಿ ಬರಾಕಿಲ್ಲ, ಮಕ್ಕಳಿಲ್ದೋಳು ಮಗು ಬೇಡ ಅಂದ್ರೆ ಜನ ಏನಂದಾರು?"

ನಾನು ಲೋಟ ಕೆಳಗಿಟ್ಟೆ.

"ಅವತ್ತು ಬೆಳಿಗ್ಗೆ ಬಸ್ಸಲ್ಲಿ ಕೂತ್ಕೊಂಡು, ಇಳಿಯೋದೇ ಬೇಡ, ಹಂಗೇ ಎತ್ತಗಾದ್ರೂ ಹೊಂಟೋಗ್ಬುಡಾನ ಅಂತ ಒಸಿ ಹೊತ್ತು ಯೋಚ್ನೆ ಮಾಡ್ದೆ," ಅಂದಳು. "ಎಲ್ಲಿಗ್ ಹೋಗ್ಲಿ? ನಂಗೂ ಇದ್ದಿದ್ದು ತಂಗಿ ಮನೆ ಒಂದೇ. ಬಸ್ಸು ಹೋಯ್ತಾ ಇದ್ದಿದ್ದೂ ಅಲ್ಲಿಗೇ."